ಹೊರರಾಜ್ಯದ ವೈರ್‌ಮನ್‌ನ ನಿಲ್ಸಿದ್ರೆ ಸಾಲ್ದು, ಬಾಡಿಗೆ ಸಹಿ ನಿಲ್ಸಿ

ಮಾನ್ಯ ಸಂಪಾದಕರಿಗೆ ತೀರ್ಥಹಳ್ಳಿಯಿಂದ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರದಲ್ಲಿ ಶಿವಮೊಗ್ಗದವರೊಬ್ರು ಬರೆದಿದ್ದನ್ನ ಓದಿದೆ. ಮಲೆನಾಡಿನ ಹೋಂಸ್ಟೇ, ರೆಸಾರ್ಟು, ಹೊಸ ಲೇಔಟಿನ ಮನೆಗಳ ವೈರಿಂಗಿಗೆ ಕೇರಳದವರು, ಬಿಹಾರದವರು, ರಾಜಸ್ಥಾನದವರು ಬರ್ತಿದಾರೆ, ಅವ್ರಿಗೆ ಇಲ್ಲಿಯ ಲೈಸೆನ್ಸ್ ಇಲ್ಲ, ಅದಕ್ಕೇ ಶಾರ್ಟ್ ಸರ್ಕ್ಯೂಟು ಬೆಂಕಿ ಎಲ್ಲ ಆಗ್ತಿರೋದು, ಅವ್ರನ್ನ ಜಿಲ್ಲೆಗೇ ಬಿಡಬೇಡಿ ಅಂತ. ಅವರ ಸಿಟ್ಟು ನಂಗೆ ಗೊತ್ತಾಗುತ್ತೆ. ನಾನೂ ಇದೇ ಕಸುಬಿನವ, ನಮ್ಮ ರೇಟಿಗಿಂತ ಕಮ್ಮಿಗೆ ಯಾರೋ ಬಂದು ಕೆಲಸ ಹಿಡ್ಕೊಂಡು ಹೋದ್ರೆ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವ್ರು ಬೈದಿದ್ದು ತಪ್ಪು ಜನಕ್ಕೆ ಮಾರಾಯ್ರೆ. ಲೈಸೆನ್ಸ್ ಇಲ್ದೆ ಕೆಲಸ ಮಾಡೋ ಹೊರಗಿನವನ ಹಿಂದೆ ಯಾವಾಗ್ಲೂ ಲೈಸೆನ್ಸ್ ಇರೋ ಒಳಗಿನವನೊಬ್ಬ ಇರ್ತಾನೆ, ಕೆಲಸ ನೋಡದೇ ದುಡ್ಡಿಗೆ ಸಹಿ ಹಾಕಿ ಕೊಡೋನು, ಅವನ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇರ್ಲಿಲ್ಲ.

ಮೊದ್ಲು ಕಾನೂನು ಹೇಳ್ಬಿಡ್ತೀನಿ, ಯಾಕಂದ್ರೆ ಇದು ನಮ್ಮ ಕಸುಬಿನವರಿಗೇ ಸರಿಯಾಗಿ ಗೊತ್ತಿಲ್ಲ. 1956ರ ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸಲ್ಲಿ 45ನೇ ರೂಲ್ ಅಂತ ಇತ್ತು. 2003ರ ವಿದ್ಯುತ್ ಕಾಯ್ದೆ ಬಂದ್ಮೇಲೆ ಅದೇ ಮಾತು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ 29ನೇ ನಿಯಮ ಆಯ್ತು, 2023ರಲ್ಲಿ ಹೊಸ ನಿಯಮಾವಳಿ ಬಂದಾಗ್ಲೂ ತಿರುಳು ಅದೇ ಉಳೀತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನ ಇದ್ದ ಹಾಗೇ ಬದಲಾಯಿಸೋದು ಯಾರು ಬೇಕಾದ್ರೂ ಮಾಡ್ಬಹುದು, ಅದು ಬಿಟ್ಟು ಒಂದು ಪಾಯಿಂಟ್ ಎಕ್ಸ್‌ಟ್ರಾ ಎಳೆದ್ರೂ ಸರ್ಕಾರದ ಲೈಸೆನ್ಸ್ ಇರೋ ಕಂಟ್ರಾಕ್ಟರೇ ಮಾಡ್ಬೇಕು, ಕಾಂಪಿಟೆನ್ಸಿ ಸರ್ಟಿಫಿಕೇಟ್ ಇರೋ ಸೂಪರ್‌ವೈಸರ್ ಖುದ್ದು ನಿಂತು ನೋಡ್ಕೋಬೇಕು, ತಂತಿ ಮುಟ್ಟೋನ ಹತ್ರ ವೈರ್‌ಮನ್ ಪರ್ಮಿಟ್ ಇರ್ಬೇಕು. ಅಂದ್ರೆ ಮೂರು ಕಾಗದ. ಈ ಮೂರನ್ನೂ ಕೊಡೋದು ರಾಜ್ಯ ಸರ್ಕಾರ. ನಮ್ಮಲ್ಲಿ ಬೆಂಗಳೂರಿನ ವಿದ್ಯುತ್ ಪರಿವೀಕ್ಷಣಾ ಇಲಾಖೆ, ಕೇರಳದಲ್ಲಿ ಅವರದೇ ಲೈಸೆನ್ಸಿಂಗ್ ಬೋರ್ಡು, ತಮಿಳುನಾಡಿಗೆ ಇನ್ನೊಂದು, ಗೋವಾಕ್ಕೆ ಮತ್ತೊಂದು. ಹೆಸರುಗಳೂ ಒಂದಕ್ಕೊಂದು ತಾಳೆ ಆಗಲ್ಲ, ನಮ್ಮ ಕಡೆ ಕ್ಲಾಸ್ ಒನ್, ಸೂಪರ್ ಗ್ರೇಡ್ ಅಂತೀವಿ, ಕೇರಳದಲ್ಲಿ ಎ, ಬಿ, ಸಿ ಕ್ಲಾಸು, ತಮಿಳುನಾಡಿನಲ್ಲಿ ಇಎ, ಇಎಸ್‌ಎ, ಇಬಿ, ಇಎಸ್‌ಬಿ ಅಂತ ಏನೇನೋ. ಒಂದು ರಾಜ್ಯದ ಕಾಗದ ಇನ್ನೊಂದು ರಾಜ್ಯದಲ್ಲಿ ತಾನಾಗಿ ನಡಿಯಲ್ಲ.

ಇಲ್ಲಿತನಕ ಪತ್ರ ಬರೆದವರು ಹೇಳಿದ್ದು ಸರಿ. ಮುಂದೆ ಏನಾಗುತ್ತೆ ಅನ್ನೋದು ನೋಡೋಣ.

ಆಗುಂಬೆ ಕಡೆ ಒಂದು ಹೋಂಸ್ಟೇ, ಊರು ಹೆಸರು ಬೇಡ. ಮಳೆಗಾಲದಲ್ಲಿ ಕರೆಂಟ್ ಟ್ರಿಪ್ ಆಗ್ತಾ ಇದೆ ಬಂದು ನೋಡಿ ಅಂತ ಮಾಲೀಕರು ಕರೆದ್ರು. ಹೋಗಿ ಡಿಬಿ, ಅಂದ್ರೆ ಮನೆಗೆಲ್ಲ ಕರೆಂಟ್ ಹಂಚೋ ಪೆಟ್ಟಿಗೆಯ ಮುಚ್ಚಳ ತೆಗೆದ್ರೆ, ಲೀಕ್ ಆದ್ರೆ ಕರೆಂಟ್ ಕಟ್ ಮಾಡೋ ಆರ್‌ಸಿಸಿಬಿ ಇದೆ, 30 ಮಿಲಿ ಆಂಪಿಯರಿಂದೇ, ಒಳ್ಳೆ ಕಂಪನಿದೇ, ಆದ್ರೆ ಒಳಗೆ ಬರೋ ಫೇಸು ನ್ಯೂಟ್ರಲ್ಲು ಎರಡನ್ನೂ ಅದರೊಳಗೆ ಹಾಯಿಸದೆ, ಪಕ್ಕದಿಂದ ಸೀದಾ ಮುಂದಿನ ಬಸ್‌ಬಾರ್ ಪಟ್ಟಿಗೆ ಕೊಟ್ಟಿದಾರೆ, ಅಂದ್ರೆ ಆರ್‌ಸಿಸಿಬಿ ಬರೀ ಶೋಕಿಗೆ ಕೂತಿದೆ. ಟ್ರಿಪ್ ಆಗ್ತಾ ಇದ್ದಿದ್ದು ಎಂಸಿಬಿ, ಅಂದ್ರೆ ಲೋಡ್ ಜಾಸ್ತಿ ಆದ್ರೆ ಬೀಳೋ ಸ್ವಿಚ್ಚು. ಬಾತ್‌ರೂಮಿನ ಗೀಸರ್ ಪಾಯಿಂಟ್ ಬಿಚ್ಚಿದೆ. ಅರ್ಥಿಂಗಿನ ಹಸಿರು ವೈರನ್ನ ಎರಡಿಂಚು ಬಿಟ್ಟು ಕಟ್ ಮಾಡಿ, ಸುರುಳಿ ಸುತ್ತಿ, ಬಾಕ್ಸಿನ ಮೂಲೆಗೆ ತುರುಕಿದಾರೆ, ಸಾಕೆಟ್ಟಿನ ಅರ್ಥ್ ಪಿನ್ನಿಗೆ ಏನೂ ಇಲ್ಲ. ಅಂಗಳದ ಲೈಟಿಗೆ ಹೋಗೋ ಕೇಬಲ್ಲಿಗೆ ಜಾಯಿಂಟ್ ಬಾಕ್ಸ್ ಇಲ್ಲ, ಟೇಪ್ ಸುತ್ತಿ ಮಣ್ಣು ಮುಚ್ಚಿದಾರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳೋ ಊರಲ್ಲಿ!

ಓದೋರಿಗೆ ಇದು ಎಷ್ಟು ಅಪಾಯ ಅಂತ ತಿಳಿಯೋಕೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಎಂಸಿಬಿ ಇರೋದು ವೈರನ್ನ ಕಾಪಾಡೋಕೆ, ಮನುಷ್ಯನ್ನ ಅಲ್ಲ. ಹದಿನಾರು ಆಂಪಿಯರಿನ ಎಂಸಿಬಿ ಮನುಷ್ಯನ ಮೈಯಲ್ಲಿ ಹರಿಯೋ ಕರೆಂಟಿಗೆ ತಲೆಯೇ ಕೆಡಿಸ್ಕೊಳ್ಳಲ್ಲ, ಅದರ ನೂರರಲ್ಲೊಂದು ಪಾಲು ಸಾಕು ಜೀವ ಹೋಗೋಕೆ. ಆರ್‌ಸಿಸಿಬಿ ನೋಡೋದು ಹೋದ ಕರೆಂಟು ವಾಪಸ್ ಬಂತಾ ಅಂತ, 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದ್ರೂ ಕಟ್ ಮಾಡುತ್ತೆ. ಅರ್ಥಿಂಗ್ ಸರಿ ಇದ್ರೆ ಗೀಸರಿನ ಮೈಗೆ ಕರೆಂಟ್ ಬಂದ ಕೂಡ್ಲೇ, ಯಾರೂ ಮುಟ್ಟೋಕೆ ಮೊದ್ಲೇ ಟ್ರಿಪ್ ಆಗುತ್ತೆ. ಅರ್ಥಿಂಗ್ ಇಲ್ದಿದ್ರೆ ಯಾರಾದ್ರೂ ಮುಟ್ಟಿದ ಮೇಲೇ ಟ್ರಿಪ್. ಎರಡೂ ಇಲ್ದಿದ್ರೆ ಟ್ರಿಪ್ಪೇ ಇಲ್ಲ. ಆ ಹೋಂಸ್ಟೇಲಿ ಎರಡೂ ಇರ್ಲಿಲ್ಲ.

ಕೆಲಸ ಮಾಡಿದ್ದು ಹೊರರಾಜ್ಯದ ಹುಡುಗರೇ, ಹೌದು. ಆದ್ರೆ ಮಾಲೀಕರ ಫೈಲಲ್ಲಿದ್ದ ಕಂಪ್ಲೀಷನ್ ರಿಪೋರ್ಟ್, ಅಂದ್ರೆ ವೈರಿಂಗ್ ಮುಗಿದು ಸರಿ ಇದೆ ಅಂತ ಬರೆದುಕೊಡೋ ಕಾಗದದ ಜೆರಾಕ್ಸ್ ನೋಡಿದೆ. ಸಹಿ, ಸೀಲು, ಲೈಸೆನ್ಸ್ ನಂಬರು ಎಲ್ಲ ಶುದ್ಧ ಕರ್ನಾಟಕದ್ದು. ಅರ್ಥ್ ರೆಸಿಸ್ಟೆನ್ಸ್ ಕಾಲಂನಲ್ಲಿ ಮೂರು ಅರ್ಥ್ ಪಿಟ್ಟಿಗೂ, ಅಂದ್ರೆ ಅರ್ಥಿಂಗ್ ಪೈಪ್ ಹೂತ ಗುಂಡಿಗಳಿಗೂ, ಒಂದೇ ಅಂಕಿ ಬರ್ದಿದ್ರು, ಪಾಯಿಂಟ್ ಆದ್ಮೇಲಿನ ಅಂಕಿ ಕೂಡ ಒಂದೇ, ಅಂದ್ರೆ ಅಳೆದ ಹಾಗೇ ಇಲ್ಲ. ಈ ಸಹಿ ಮಾಡಿದವ್ರು ಬಂದಿದ್ರಾ ಅಂತ ಮಾಲೀಕರನ್ನ ಕೇಳಿದ್ರೆ, ಯಾರು ಅವ್ರು, ನಂಗೆ ಮುಖಪರಿಚಯವೇ ಇಲ್ಲ ಅಂದ್ರು. ಆ ಹೊರಗಿನ ತಂಡದ ಮೇಸ್ತ್ರಿ ಎಲ್ಲಿಂದಲೋ ಸಹಿ ಹಾಕಿಸ್ಕೊಂಡು ಬಂದು ಕೊಟ್ಟಿದ್ದ, ಅದನ್ನ ಇಟ್ಕೊಂಡು ಆರ್‌ಆರ್ ನಂಬರ್ ಬಂತು, ಮೀಟರ್ ಬಂತು, ಗೃಹಪ್ರವೇಶ ಆಯ್ತು, ಹೋಳಿಗೆ ಊಟಾನೂ ಆಯ್ತು.

ಇದಕ್ಕೆ ನಮ್ಮ ಕಸುಬಲ್ಲಿ ಲೈಸೆನ್ಸ್ ಬಾಡಿಗೆ ಅಂತೀವಿ. ಬಾಯಿಬಿಟ್ಟು ಯಾರೂ ಹೇಳಲ್ಲ, ಎಲ್ಲರಿಗೂ ಗೊತ್ತು. ಮನೆಗೆ ಇಷ್ಟು, ಥ್ರೀ ಫೇಸಿಗೆ ಇಷ್ಟು, ಟಿಸಿ (ಟ್ರಾನ್ಸ್‌ಫಾರ್ಮರ್) ಹಾಕ್ಸೋದಾದ್ರೆ ಇಷ್ಟು ಅಂತ ರೇಟ್ ಕೂಡ ಇದೆ. ಸಹಿ ಹಾಕೋನು ಸೈಟಿಗೆ ಬರಲ್ಲ, ಕೆಲಸ ಮಾಡೋನ ಹೆಸರು ಎಲ್ಲೂ ಇರಲ್ಲ. ನಾಳೆ ಯಾರಿಗಾದ್ರೂ ಶಾಕ್ ಹೊಡೆದು ಪೋಲಿಸ್ರು ಬಂದ್ರೆ, ಕಾಗದದಲ್ಲಿರೋನು ನಾನು ನೋಡೇ ಇಲ್ಲ ಅಂತಾನೆ, ಕೆಲಸ ಮಾಡಿದವನು ಆಗ್ಲೇ ಇನ್ನೊಂದು ರಾಜ್ಯದಲ್ಲಿರ್ತಾನೆ. ಈಗ ಹೇಳಿ, ಹೊರಗಿನವರನ್ನ ಓಡಿಸಿದ್ರೆ ಈ ಬಾಡಿಗೆ ನಿಲ್ಲುತ್ತಾ? ಅದೇ ಸಹಿ ನಾಳೆ ಊರಿನ ಪರ್ಮಿಟ್ ಇಲ್ದಿರೋ ಹುಡುಗನ ಕೆಲಸಕ್ಕೆ ಹೋಗುತ್ತೆ ಅಷ್ಟೆ, ಈಗ್ಲೂ ಹೋಗ್ತಾ ಇದೆ. ಹಸಿರು ವೈರ್ ಕಟ್ ಮಾಡಿ ಮೂಲೆಗೆ ತುರುಕೋ ವಿದ್ಯೆ ಯಾವ ರಾಜ್ಯದವರಿಗೂ ಪೇಟೆಂಟ್ ಇಲ್ಲ ಸ್ವಾಮಿ, ತೀರ್ಥಹಳ್ಳಿ ಪೇಟೆಯೊಳಗೇ ನೋಡಿದೀನಿ.

ಇನ್ನು ಉಲ್ಟಾ ಕಡೆಯಿಂದ ನೋಡಿ. ನಮ್ಮ ಮಲೆನಾಡಿನವರೂ ಗಡಿ ದಾಟಿ ಕೆಲಸಕ್ಕೆ ಹೋಗ್ತಾರೆ, ಪತ್ರ ಬರೆದವರಿಗೆ ಇದು ನೆನಪಿದ್ದ ಹಾಗಿಲ್ಲ. ಗೋವಾದ ಹೋಟೆಲು, ಹೊಸೂರಿನ ಫ್ಯಾಕ್ಟರಿ ಶೆಡ್ಡು, ಹೈದರಾಬಾದಿನ ಅಪಾರ್ಟ್‌ಮೆಂಟು, ಎಲ್ಲ ಕಡೆ ನಮ್ಮ ಐಟಿಐ ಹುಡುಗರು ಇದಾರೆ. ನಮಗೆ ಪರಿಚಯದ ಅಡಿಕೆ ಬೆಳೆಗಾರರೊಬ್ರು, ಅವರ ಹೆಂಡತಿ ಮನೆ ಕಡೆಯ ತೋಟ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ರ. ಅಲ್ಲಿ ಚಾಲಿ ಅಡಿಕೆ, ನಮ್ಮ ಹಾಗೆ ಬೇಯಿಸೋ ಕೆಂಪಡಿಕೆ ಅಲ್ಲ, ಹಂಡೆ ತಾಪತ್ರಯ ಇಲ್ಲ, ಆದ್ರೆ ಸುಲಿಯೋ ಮಷಿನ್ನು, ಪಂಪ್‌ಸೆಟ್ಟು, ಹಳೇ ಮನೆಯ ರೀವೈರಿಂಗು, ಎಲ್ಲ ಸೇರಿ ಒಳ್ಳೇ ಕೆಲಸ. ನೀವೇ ಬಂದು ಮಾಡ್ಕೊಡಿ, ಬೇರೆಯವರ ಮೇಲೆ ನಂಬಿಕೆ ಇಲ್ಲ ಅಂತ ಹಟ ಹಿಡಿದ್ರು. ಆಗುಂಬೆ ಘಾಟಿ ಇಳಿದು ಹೆಬ್ರಿ, ಕಾರ್ಕಳ, ಮಂಗಳೂರು ದಾಟಿ ಹೋದ್ರೆ ಮಾತು ಕನ್ನಡವೇ, ತುಳುವೇ, ಬೋರ್ಡು ಮಾತ್ರ ಮಲಯಾಳದಲ್ಲಿ. ಅಲ್ಲಿಯ ಕರೆಂಟ್ ಆಫೀಸಿನ ಸಾಹೇಬ್ರು ನನ್ನ ಸೂಪರ್‌ವೈಸರ್ ಸರ್ಟಿಫಿಕೇಟು, ಲೈಸೆನ್ಸು ಎರಡನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದ್ರು, ನೀವು ಕೆಲಸ ಬಲ್ಲವರು ಅಂತ ಗೊತ್ತಾಗುತ್ತೆ, ಆದ್ರೆ ಈ ಕಾಗದ ನಮ್ಮಲ್ಲಿ ನಡಿಯಲ್ಲ, ಇಲ್ಲಿಯ ಲೈಸೆನ್ಸ್‌ದಾರರ ಸಹಿ ತನ್ನಿ ಅಂದ್ರು. ಅವರ ಮೇಲೆ ನಂಗೇನೂ ಬೇಜಾರಿಲ್ಲ, ಅವ್ರು ರೂಲ್ ಹೇಳಿದ್ರು. ಆಫೀಸಿನ ಮೆಟ್ಲು ಇಳಿಯೋ ಹೊತ್ತಿಗೆ ಒಬ್ಬ ಬಂದು, ಸಹಿ ಬೇಕಾ ಅಂತ ಕೇಳಿದ. ಅಲ್ಲೂ ಅದೇ ವ್ಯಾಪಾರ!

ನಾನು ಅವನ ಹತ್ರ ಹೋಗದೆ, ಬದಿಯಡ್ಕದ ಒಬ್ರು ವಯಸ್ಸಾದ ಕಂಟ್ರಾಕ್ಟರನ್ನ ಹುಡುಕಿಸಿ ಮಾತಾಡಿದೆ. ಅವ್ರ ಲೈಸೆನ್ಸಲ್ಲಿ ಕೆಲಸ, ನಂದು ಕೈ, ದುಡ್ಡಲ್ಲಿ ಅವ್ರಿಗೊಂದು ಪಾಲು. ಆದ್ರೆ ಆ ಮನುಷ್ಯ ಬರೀ ಸಹಿ ಹಾಕೋ ಜಾತಿ ಅಲ್ಲ. ಸ್ಕೂಟರ್ ಮೇಲೆ ವೈರಿನ ಇನ್ಸುಲೇಷನ್ ಅಳೆಯೋ ಮೆಗ್ಗರು, ಅರ್ಥ್ ಟೆಸ್ಟರು ಎರಡನ್ನೂ ಕಟ್ಕೊಂಡು ಬರ್ತಿದ್ರು, ಒಂದೊಂದು ಸರ್ಕ್ಯೂಟಿಗೂ ಇನ್ಸುಲೇಷನ್ ನೋಡ್ತಿದ್ರು, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನಮ್ಮ ಎದ್ರಿಗೇ ಟ್ರಿಪ್ ಮಾಡಿಸಿದ್ರು. ಸರ್ವಿಸ್ ವೈರ್ ತೋಟದ ಒಳಗಿಂದ ಎಳೆಯೋಕೆ ಹೊರಟಾಗ ತಡೆದು, ಬೇಡ, ಬದಿಯಿಂದ ಸುತ್ತಿಸಿ ಎಳೀರಿ, ಈಗ ಎಲ್ಲರೂ ಅಡಿಕೆ ಕೊಯ್ಲಿಗೆ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ತಂದಿದಾರೆ ಅಂದ್ರು. ಬಿದಿರಿನ ದೋಟಿ ಅಂತ ತಿಳ್ಕೊಂಡು ಜನ ಅದನ್ನ ಲೈನಿನ ಹತ್ರ ಎತ್ತುತ್ತಾರೆ, ಕಾರ್ಬನ್ ಫೈಬರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತೆ. ಅಡಿಕೆ ಊರಿನವರಿಗೆ ಮಾತ್ರ ಹೊಳೆಯೋ ಮಾತು ಇದು, ಯಾವ ರೂಲ್ ಪುಸ್ತಕದಲ್ಲೂ ದೋಟಿ ಅಂತ ಬರ್ದಿರಲ್ಲ.

ನಾನು ಹೇಳೋಕೆ ಹೊರಟಿದ್ದು ಇದೇ. ಮನುಷ್ಯನ ಯೋಗ್ಯತೆ ಬೇರೆ, ಆ ಜಾಗದ ತಪಾಸಣೆ ಬೇರೆ. ಮೆಗ್ಗರ್ ಹಿಡಿಯೋಕೆ ಬರುತ್ತಾ, ಲೋಡ್ ಲೆಕ್ಕ ಹಾಕೋಕೆ ಬರುತ್ತಾ, ನ್ಯೂಟ್ರಲ್ಲಿಗೂ ಅರ್ಥಿಗೂ ವ್ಯತ್ಯಾಸ ಗೊತ್ತಾ ಅನ್ನೋದು ತಲಪಾಡಿ ಚೆಕ್‌ಪೋಸ್ಟ್ ದಾಟಿದ ಕೂಡ್ಲೇ ಬದಲಾಗಲ್ಲ. ಅದಕ್ಕೆ ಒಂದ್ಸಲ ಪರೀಕ್ಷೆ ಮಾಡಿ ಕೊಟ್ಟ ಕಾಗದ ದೇಶದ ತುಂಬ ನಡೀಬೇಕು. ಆದ್ರೆ ಈ ಮನೆ, ಈ ತೋಟ, ಈ ಮಣ್ಣು ಸರಿ ಇದ್ಯಾ ಅನ್ನೋದನ್ನ ಅಲ್ಲೇ ಇರೋರು ಬಂದು ನೋಡ್ಬೇಕು, ಅದನ್ನ ಈಗಿನದಕ್ಕಿಂತ ಹತ್ತು ಪಟ್ಟು ಬಿಗಿ ಮಾಡ್ಲಿ ನಂದೇನೂ ತಕರಾರಿಲ್ಲ. ಈಗ ನಡೀತಿರೋದು ಸರಿ ಉಲ್ಟಾ, ಯೋಗ್ಯತೆಗೆ ಗಡಿಯಲ್ಲಿ ಬೇಲಿ, ತಪಾಸಣೆ ಬರೀ ಕಾಗದದಲ್ಲಿ.

ಮಣ್ಣು ಅಂದಿದ್ದಕ್ಕೆ ಒಂದು ಮಾತು ಸೇರಿಸ್ತೀನಿ, ಹೊರಗಿನವರಿಗೆ ಮಾತ್ರ ಅಲ್ಲ ನಮ್ಮವರಿಗೂ ಬೇಕಾದ್ದು. ನಮ್ಮಲ್ಲಿ ಅರ್ಥ್ ಪಿಟ್ ಟೆಸ್ಟ್ ಮಾಡೋದು ಯಾವಾಗ? ಮಳೆಗಾಲ ಮುಗಿದು ಗೃಹಪ್ರವೇಶದ ಸೀಸನ್ ಶುರುವಾಗೋ ಹೊತ್ತಿಗೆ. ಆಗ ನೆಲ ಒದ್ದೆ, ಯಾವ ಪೈಪ್ ಹೂತ್ರೂ ರೀಡಿಂಗ್ ಚೆನ್ನಾಗೇ ಬರುತ್ತೆ. ಅದೇ ಜಂಬಿಟ್ಟಿಗೆ ನೆಲ ಏಪ್ರಿಲಲ್ಲಿ ಒಣಗಿ ಕಲ್ಲಾದಾಗ ನೋಡಿ, ರೀಡಿಂಗ್ ಎಲ್ಲೋ ಹೋಗಿರುತ್ತೆ, ಸಿಡಿಲು ಗುಡುಗು ಬರೋದೂ ಅದೇ ಟೈಮಿಗೆ. ಮೇಲಿಂದ ಪಿಟ್ಟಿಗೆ ಹಾಕಿದ ಉಪ್ಪು ಎರಡು ಮಳೆಗಾಲಕ್ಕೆ ತೊಳೆದು ಹೋಗಿರುತ್ತೆ, ಮತ್ತೆ ಯಾರೂ ಅದರ ಮುಚ್ಚಳ ತೆಗೆಯಲ್ಲ. ಒಣಗಿದ ಕಾಲದಲ್ಲಿ ಅಳೆದು ಬರೀಬೇಕು ಅಂತ ನಮ್ಮ ಕಡೆ ಕರೆಂಟ್ ಕೊಡೋ ಮೆಸ್ಕಾಂನ ಸೆಕ್ಷನ್ ಆಫೀಸುಗಳು ಕೇಳೋಕೆ ಶುರು ಮಾಡಿದ್ರೆ ಅದೊಂದೇ ಸಾಕು, ಎಷ್ಟೋ ಬಾಡಿಗೆ ಸಹಿ ತಾನಾಗೇ ಉದುರಿ ಹೋಗುತ್ತೆ.

ಈಗ ಯಾರಾದ್ರೂ ಕೇಳ್ಬಹುದು, ಒಂದೊಂದು ರಾಜ್ಯದ ಪದ್ಧತಿ ಬೇರೆ ಇರುತ್ತಲ್ಲ, ಒಂದೇ ಕಾಗದ ಹೆಂಗೆ ನಡಿಯುತ್ತೆ ಅಂತ. ನಮ್ಮ ದೇಶದಲ್ಲಿ ತಮಾಷೆ ಇರೋದೇ ಇಲ್ಲಿ. ಕೆಲಸದ ರೂಲೆಲ್ಲ ಒಂದೇ, ಕಾಗದ ಮಾತ್ರ ಬೇರೆ. ಸುರಕ್ಷತೆ ನಿಯಮ ಕೇಂದ್ರ ವಿದ್ಯುತ್ ಪ್ರಾಧಿಕಾರದ್ದು, ಇಡೀ ದೇಶಕ್ಕೆ. ವೈರಿಂಗ್ ಹೆಂಗೆ ಮಾಡ್ಬೇಕು ಅನ್ನೋ ಐಎಸ್ 732, ಅರ್ಥಿಂಗಿನ ಐಎಸ್ 3043, ಎಲ್ಲ ಒಟ್ಟು ಸೇರಿದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡು, ಕಾಸರಗೋಡಿಗೂ ಕೊಪ್ಪಕ್ಕೂ ಕಾರವಾರಕ್ಕೂ ಕಾಣಕೋಣಕ್ಕೂ ಅವೇ. ಐಟಿಐ ಎಲೆಕ್ಟ್ರಿಷಿಯನ್ ಟ್ರೇಡು ಎರಡು ವರ್ಷ, ಸಿಲೆಬಸ್ ರಾಷ್ಟ್ರಮಟ್ಟದ್ದು, ಅದು ಮುಗಿಸಿದ್ರೆ ಸಿಗೋ ಎನ್‌ಟಿಸಿ ಸರ್ಟಿಫಿಕೇಟ್ ಹಿಡ್ಕೊಂಡು ನಮ್ಮ ಹುಡುಗ ದೇಶದ ಯಾವ ಮೂಲೆಯ ರೈಲ್ವೆ ಕೆಲಸಕ್ಕೂ ಅರ್ಜಿ ಹಾಕ್ಬಹುದು. ಅದೇ ಹುಡುಗ ಪೆರ್ಲದ ಒಂದು ಮನೆಗೆ ಪಾಯಿಂಟ್ ಎಳೆಯೋ ಹಾಗಿಲ್ಲ! ಶಿವಮೊಗ್ಗದ ವಕೀಲರು ಕಾಸರಗೋಡಿನ ಕೋರ್ಟಲ್ಲಿ ಹೋಗಿ ವಾದ ಮಾಡ್ಬಹುದು, ಅಡ್ವೊಕೇಟ್ಸ್ ಆಕ್ಟಿನ 30ನೇ ಕಲಂ 2011ರಲ್ಲಿ ಜಾರಿಗೆ ಬಂದ್ಮೇಲೆ ಅದು ಅವ್ರ ಹಕ್ಕು. ಡ್ರೈವಿಂಗ್ ಲೈಸೆನ್ಸ್ ವಿಷ್ಯ ಹೇಳೋದೇ ಬೇಡ. ಲೇಬರ್ ಕಂಟ್ರಾಕ್ಟರಿಗೂ ಹಲವು ರಾಜ್ಯಕ್ಕೆ ಸೇರಿ ಒಂದೇ ಲೈಸೆನ್ಸ್ ತಗೊಳೋಕೆ 2020ರ ಲೇಬರ್ ಕೋಡಲ್ಲಿ ದಾರಿ ಮಾಡಿದಾರೆ, ಅಂದ್ರೆ ನಾನು ನೂರು ಜನ ಕೂಲಿಯವರನ್ನ ಗಡಿ ದಾಟಿಸಿ ಕೆಲಸ ಮಾಡಿಸೋಕೆ ಒಂದು ಕಾಗದ ಸಾಕು, ನಾನೇ ಸ್ಕ್ರೂಡ್ರೈವರ್ ಹಿಡಿದ್ರೆ ಆಗಲ್ಲ.

ಕರೆಂಟ್ ಆದ್ರೂ ಗಡಿ ನೋಡುತ್ತಾ ಅಂದ್ರೆ ಅದೂ ಇಲ್ಲ, 2013ರ ಡಿಸೆಂಬರ್ 31ಕ್ಕೆ ರಾಯಚೂರು ಸೋಲಾಪುರದ 765 ಕೆವಿ ಲೈನ್ ಸೇರಿಸಿದ ಮೇಲೆ ದಕ್ಷಿಣದ ಗ್ರಿಡ್ಡೂ ಉತ್ತರದ ಗ್ರಿಡ್ಡೂ ಒಂದೇ. ಇನ್ನು ಆಪತ್ತು ಬಂದಾಗ? 2018ರ ನವೆಂಬರಲ್ಲಿ ಗಜ ಚಂಡಮಾರುತಕ್ಕೆ ತಮಿಳುನಾಡಲ್ಲಿ ಕಂಬಗಳೆಲ್ಲ ಮಲಗಿದಾಗ ಕೇರಳದ ವಿದ್ಯುತ್ ಮಂಡಳಿಯ ನೌಕರರು ಹೋಗಿ ಲೈನ್ ಎಳೆದುಕೊಟ್ರು. ಅವರು ಸರ್ಕಾರಿ ಮಂಡಳಿಯವರು, ನಮ್ಮ ಹಾಗೆ ಖಾಸಗಿ ಅಲ್ಲ, ಒಪ್ತೀನಿ. ಆದ್ರೂ ಕಂಬ ಹತ್ತೋ ಕೈಗೆ ಬೇಕಾದ ವಿದ್ಯೆ ಎರಡೂ ಕಡೆ ಒಂದೇ ಅನ್ನೋದಂತೂ ಆವತ್ತು ಯಾರಿಗೂ ಅನುಮಾನ ಬರ್ಲಿಲ್ಲ.

ಹೊರದೇಶದ ಕಥೆನೂ ಸ್ವಲ್ಪ ಹೇಳ್ತೀನಿ, ನಮ್ಮ ಸಂಬಂಧಿಕರ ಹುಡುಗ ಅಮೆರಿಕದಲ್ಲಿ ಮನೆ ರಿಪೇರಿ ಮಾಡಿಸುವಾಗ ಕೇಳಿ ಕೇಳಿ ತಿಳ್ಕೊಂಡಿದ್ದು, ಆಮೇಲೆ ನಾನೂ ಓದಿದೆ. ಅಲ್ಲಿ ನಮಗಿಂತ ಗೋಜಲು. ಲೈಸೆನ್ಸ್ ರಾಜ್ಯ ರಾಜ್ಯಕ್ಕೆ ಬೇರೆ, ನ್ಯೂಯಾರ್ಕ್, ಪೆನ್ಸಿಲ್ವೇನಿಯ, ಇಲಿನಾಯ್ ಇಂಥ ಕಡೆ ಇಡೀ ರಾಜ್ಯಕ್ಕೆ ಒಂದು ಅಂತ ಎಲೆಕ್ಟ್ರಿಷಿಯನ್ ಲೈಸೆನ್ಸೇ ಇಲ್ಲ, ಊರು ಊರಿಂದು. ಅವರ ಎಲೆಕ್ಟ್ರಿಕಲ್ ಕೋಡು ಮೂರು ವರ್ಷಕ್ಕೊಂದ್ಸಲ ಹೊಸದು ಬರುತ್ತೆ, ಯಾವ ರಾಜ್ಯ ಯಾವ ವರ್ಷದ್ದನ್ನ ಹಿಡ್ಕೊಂಡಿದೆ ಅನ್ನೋದೂ ಒಂದೇ ಇಲ್ಲ. ಇಷ್ಟೆಲ್ಲ ಇದ್ರೂ ಅಕ್ಕಪಕ್ಕದ ಎಷ್ಟೋ ರಾಜ್ಯಗಳು ರೆಸಿಪ್ರಾಸಿಟಿ ಅಂತ ಒಪ್ಪಂದ ಮಾಡ್ಕೊಂಡಿದಾವೆ, ಮಿನ್ನೆಸೋಟದಲ್ಲಿ ಪಾಸಾದವನು ಪಕ್ಕದ ಡಕೋಟಗಳಲ್ಲಿ ಮತ್ತೆ ಪರೀಕ್ಷೆಗೆ ಕೂರೋದು ಬೇಡ, ಅರ್ಜಿ ಹಾಕಿ ಫೀಸ್ ಕಟ್ಟಿದ್ರೆ ಆಯ್ತು. ಆದ್ರೆ ಪರ್ಮಿಟ್ ಅನ್ನೋದು ಅಲ್ಲಿ ಆ ಒಂದು ಕೆಲಸಕ್ಕೆ, ಆ ಒಂದು ಮನೆಗೆ ತಗೋಬೇಕಾದ್ದು, ಅದು ಸ್ಥಳೀಯ ಆಫೀಸಿಂದೇ ಬರ್ಬೇಕು, ಇನ್‌ಸ್ಪೆಕ್ಟರ್ ಬಂದು ಗೋಡೆ ಮುಚ್ಚೋಕೆ ಮೊದ್ಲು ಒಂದ್ಸಲ ಮತ್ತು ಕೆಲಸ ಮುಗಿದ ಮೇಲೆ ಒಂದ್ಸಲ ನೋಡ್ತಾನೆ. ಗೋಡೆ ಮುಚ್ಚೋಕೆ ಮೊದ್ಲು! ನಮ್ಮಲ್ಲಿ ಪ್ಲಾಸ್ಟರಿಂಗ್ ಆಗಿ ಪೇಂಟ್ ಬಳಿದ ಮೇಲೂ ಯಾರೂ ಬರಲ್ಲ. ಆಸ್ಟ್ರೇಲಿಯಾದಲ್ಲಿ 2021ರ ಜುಲೈಯಿಂದ ಆಟೊಮ್ಯಾಟಿಕ್ ಮ್ಯೂಚುಯಲ್ ರೆಕಗ್ನಿಷನ್ ಅಂತ ತಂದಿದಾರೆ, ಒಪ್ಪಿದ ರಾಜ್ಯಗಳಲ್ಲಿ ತನ್ನ ರಾಜ್ಯದ ಲೈಸೆನ್ಸಲ್ಲೇ ಹೋಗಿ ಕೆಲಸ ಮಾಡ್ಬಹುದು, ಆದ್ರೆ ಆ ಜಾಗದ ರೂಲಿಗೆ, ಅಲ್ಲಿಯ ಶಿಸ್ತು ಕ್ರಮಕ್ಕೆ ತಲೆ ಬಾಗಬೇಕು. ಇಷ್ಟೇ ಅಲ್ವಾ ನಮಗೂ ಬೇಕಾಗಿರೋದು?

ಇದಕ್ಕೆ ಪಾರ್ಲಿಮೆಂಟಲ್ಲಿ ದೊಡ್ಡ ಕಾನೂನೇ ಬರ್ಬೇಕು ಅಂತ ಕಾಯೋ ಅಗತ್ಯನೂ ಇಲ್ಲ. ನಾನು ಮೇಲೆ ಹೇಳಿದ ನಿಯಮವನ್ನೇ ಬಿಡಿಸಿ ಓದಿದ್ರೆ, ಕೆಲಸಗಾರನ ಪರ್ಮಿಟ್ ಬಗ್ಗೆ ರಾಜ್ಯ ಸರ್ಕಾರ ಕೊಟ್ಟಿದ್ದು ಅಥವಾ ಮಾನ್ಯ ಮಾಡಿದ್ದು ಅಂತಿದೆ. ಅಂದ್ರೆ ಕರ್ನಾಟಕ ಸರ್ಕಾರ ನಾಳೆ ಬೆಳಗ್ಗೆ ಕೇರಳದ, ಗೋವಾದ ವೈರ್‌ಮನ್ ಪರ್ಮಿಟ್ಟನ್ನ ಮಾನ್ಯ ಮಾಡ್ತೀವಿ, ನೀವು ನಮ್ಮದನ್ನ ಮಾಡಿ ಅಂತ ಮಾತಾಡ್ಬಹುದು. ಕಂಟ್ರಾಕ್ಟರ್ ಲೈಸೆನ್ಸ್ ಮಾತ್ರ ಆಯಾ ರಾಜ್ಯವೇ ಕೊಡ್ಬೇಕು ಅನ್ನೋ ಹಾಗಿದೆ, ಅದಕ್ಕೆ ಬೇಕಾದ್ರೆ ಪಕ್ಕದ ರಾಜ್ಯದ ಲೈಸೆನ್ಸ್ ತೋರಿಸಿದವನಿಗೆ ಪರೀಕ್ಷೆ ಗಿರೀಕ್ಷೆ ಇಲ್ದೆ, ಒಂದು ಕೆಲಸದ ಮಟ್ಟಿಗೆ ತಾತ್ಕಾಲಿಕ ಲೈಸೆನ್ಸ್ ಕೊಡೋ ವ್ಯವಸ್ಥೆ ಮಾಡ್ಲಿ, ಫೀಸ್ ತಗೊಳ್ಳಿ, ಡೆಪಾಸಿಟ್ ಇಡಿಸ್ಕೊಳ್ಳಿ, ಕೆಲಸ ಕೆಟ್ರೆ ಡೆಪಾಸಿಟ್ ಮುಟ್ಟುಗೋಲು ಹಾಕ್ಲಿ. ಆಗ ಆಗುಂಬೆಯ ಆ ಹೋಂಸ್ಟೇ ಕೆಲಸ ಮಾಡಿದ ಮೇಸ್ತ್ರಿಯ ಹೆಸರು, ಫೋನ್ ನಂಬರು, ಅವನ ರಾಜ್ಯದ ಲೈಸೆನ್ಸ್ ನಂಬರು ಎಲ್ಲ ಕಾಗದದಲ್ಲಿರುತ್ತೆ, ಕೆಟ್ಟ ಕೆಲಸ ಮಾಡಿದ್ರೆ ಅವನ ರಾಜ್ಯಕ್ಕೇ ಬರೆದು ಲೈಸೆನ್ಸ್ ಕ್ಯಾನ್ಸಲ್ ಮಾಡಿಸ್ಬಹುದು. ಈಗ ಅವನ ಹೆಸರೂ ಗೊತ್ತಿಲ್ಲ ನಮಗೆ.

ಹೀಗೆ ಬಾಗ್ಲು ತೆಗೆದ್ರೆ ನಮ್ಮ ಹುಡುಗರ ಕೆಲಸ ಹೋಗುತ್ತೆ ಅಂತ ಪತ್ರ ಬರೆದವ್ರು ಹೇಳ್ತಾರೆ, ಗೊತ್ತು. ನಿಜ ಹೇಳ್ಬೇಕಂದ್ರೆ ಸ್ವಲ್ಪ ಹೋಗುತ್ತೆ. ಆದ್ರೆ ಈಗ್ಲೂ ಹೋಗ್ತಾನೇ ಇದೆಯಲ್ಲ, ಕಳ್ಳದಾರಿಲಿ. ಹೊರಗಿನವನು ಕಮ್ಮಿ ರೇಟಿಗೆ ಮಾಡೋದು ಹೆಂಗೆ? ಅರ್ಥಿಂಗ್ ಬಿಟ್ಟು, ಆರ್‌ಸಿಸಿಬಿ ಬೈಪಾಸ್ ಮಾಡಿ, ಕಮ್ಮಿ ಗೇಜಿನ ವೈರ್ ಹಾಕಿ. ಸರಿಯಾದ ತಪಾಸಣೆ ಇದ್ರೆ ಅವನೂ ನಮ್ಮಷ್ಟೇ ವೈರು, ನಮ್ಮಷ್ಟೇ ಪೈಪು, ನಮ್ಮಷ್ಟೇ ಟೈಮು ಹಾಕ್ಬೇಕು, ಆಗ ರೇಟ್ ತಾನಾಗೇ ನಮ್ಮ ಹತ್ರ ಬರುತ್ತೆ. ಕೈ ಚಳಕದಲ್ಲಿ ನಮ್ಮ ಮಲೆನಾಡಿನ ಹುಡುಗರು ಯಾರಿಗೂ ಕಮ್ಮಿ ಇಲ್ಲ, ಸುರಿಯೋ ಮಳೆಯಲ್ಲಿ ಕಾಡಿನೊಳಗೆ ಬಿದ್ದ ಲೈನ್ ಹುಡುಕಿ ಕಟ್ಟೋ ಜನ.

ಸೆಕ್ಷನ್ ಆಫೀಸಿನವರಿಗೆ ಬರೋಕೆ ಜನ ಇಲ್ಲ, ಒಬ್ಬ ಜೆಇ ಮೇಲೆ ಎಷ್ಟು ಹಳ್ಳಿ ಅಂತ ನಂಗೂ ಗೊತ್ತು, ಎಲ್ಲ ಮನೆಗೂ ಬಂದು ನೋಡಿ ಅಂದ್ರೆ ಆಗಲ್ಲ. ಹತ್ತರಲ್ಲಿ ಒಂದು ಮನೆಗೆ, ಚೀಟಿ ಎತ್ತಿದ ಹಾಗೆ, ಹೇಳ್ದೆ ಕೇಳ್ದೆ ಹೋಗ್ಲಿ. ಸಹಿ ಹಾಕಿದ ಸೂಪರ್‌ವೈಸರನ್ನ ಫೋನ್ ಮಾಡಿ ಕರೀಲಿ, ಇದು ನೀವು ಮಾಡಿದ ಮನೆನಾ, ಅರ್ಥ್ ಪಿಟ್ ಎಲ್ಲಿದೆ ತೋರಿಸಿ ಅನ್ಲಿ. ಪಿಟ್ ಎಲ್ಲಿದೆ ಅಂತ ಗೊತ್ತಿಲ್ಲದವನ ಲೈಸೆನ್ಸ್ ಆರು ತಿಂಗಳು ಸಸ್ಪೆಂಡ್ ಮಾಡ್ಲಿ. ಒಂದು ತಾಲೂಕಲ್ಲಿ ಇಬ್ಬರದ್ದು ಹೋದ್ರೆ ಸಾಕು, ಬಾಡಿಗೆ ರೇಟ್ ಯಾರೂ ಕೇಳಲ್ಲ ಆಮೇಲೆ.

ಮನೆ ಕಟ್ಟೋರಿಗೂ ಒಂದು ಮಾತು. ಕೆಲಸಕ್ಕೆ ಬಂದವನು ಯಾವ ರಾಜ್ಯದವನು ಅಂತ ಕೇಳ್ಬೇಡಿ, ಪರ್ಮಿಟ್ ಕಾರ್ಡ್ ತೋರ್ಸಪ್ಪ ಅಂತ ಕೇಳಿ, ಫೋಟೋ ತೆಗೆದಿಟ್ಕೊಳ್ಳಿ. ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕೋನು ನಿಮ್ಮ ಮನೆ ಬಾಗ್ಲಿಗೆ ಬಂದು, ನಿಮ್ಮೆದ್ರಿಗೆ ಮೆಗ್ಗರ್ ಹಚ್ಚಿ ಆಮೇಲೆ ಸಹಿ ಹಾಕ್ಲಿ, ಕಾಫಿ ಕೊಟ್ಟು ಕೂರಿಸಿ, ಬಿಡ್ಬೇಡಿ. ಗೋಡೆ ಮುಚ್ಚೋಕೆ ಮೊದ್ಲು ಪೈಪೆಲ್ಲ ಒಂದು ವಿಡಿಯೋ ಮಾಡ್ಕೊಳ್ಳಿ, ಮೊಬೈಲ್ ಹೆಂಗೂ ಕೈಲೇ ಇರುತ್ತೆ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಂದ್ಸಲ ಒತ್ತಿ, ಟಕ್ ಅಂತ ಬೀಳ್ಬೇಕು, ಬೀಳ್ಲಿಲ್ಲ ಅಂದ್ರೆ ಅವತ್ತೇ ಯಾರನ್ನಾದ್ರೂ ಕರೀರಿ. ಮಳೆಗಾಲದಲ್ಲಿ ಸುಮ್ನೆ ಸುಮ್ನೆ ಟ್ರಿಪ್ ಆಗುತ್ತೆ ಅಂತ ಅದನ್ನ ತೆಗೆಸ್ಬೇಡಿ ದಮ್ಮಯ್ಯ, ಅದು ಸುಮ್ನೆ ಟ್ರಿಪ್ ಆಗಲ್ಲ, ಎಲ್ಲೋ ಲೀಕ್ ಆಗ್ತಿದೆ ಅಂತ ಹೇಳ್ತಾ ಇರುತ್ತೆ.

ಸಂಪಾದಕರೇ, ಪತ್ರ ಉದ್ದ ಆಯ್ತು, ನಿಮ್ಮಲ್ಲಿ ಜಾಗ ಕಮ್ಮಿ ಅಂತ ಗೊತ್ತು. ಕತ್ರಿ ಹಾಕೋದಾದ್ರೆ ಅಮೆರಿಕ ಆಸ್ಟ್ರೇಲಿಯಾದ್ದನ್ನ ತೆಗೀರಿ, ಅರ್ಥ್ ಪಿಟ್ಟಿಂದನ್ನೂ ದೋಟಿದನ್ನೂ ಮಾತ್ರ ಬಿಡ್ಬೇಡಿ, ಅಡಿಕೆ ಕೊಯ್ಲು ಶುರುವಾಗೋ ಟೈಮು.

ಇಂತಿ,
ಒಬ್ಬ ಎಲೆಕ್ಟ್ರಿಕಲ್ ಕಂಟ್ರಾಕ್ಟರ್,
ತೀರ್ಥಹಳ್ಳಿ